ನನ್ನ ತಲೆಯ ಮೇಲಿನ ಆಣೆ

ಜೂನ್ ೩

ದೀಪ ಹಚ್ಚಿದೆ. ಟೈಲರ್ ಕಳಿಸಿದ ಯೂನಿಫಾರ್ಮ್ ಶರ್ಟುಗಳಿಗೆ ಕಾಜ-ಗುಂಡಿ ಬಾಕಿ. ಸೊಸೆ ಮಿಷಿನ್ ತುಳಿಯುತ್ತಿದ್ದಳು. ತೋಳು ಸರಿದಾಗ ಕಂಡಿತು — ಮೊಣಕೈ ಒಳಗೆ ಹತ್ತಿ, ಮೇಲೆ ಪ್ಲಾಸ್ಟರ್.

"ಏನೇ ಅದು?"

"ರಕ್ತ ಕೊಟ್ಟು ಬಂದೆ ಅತ್ತೆ."

"ಯಾರಿಗೆ?"

"ಗೊತ್ತಿಲ್ಲ."

ಗೊತ್ತಿಲ್ಲವಂತೆ! ಮೊದಲ ಸಲವೂ ಅಲ್ಲವಂತೆ. ಮಗನಿಗೂ ಗೊತ್ತು. ನನಗೊಬ್ಬಳಿಗೇ ಇಲ್ಲ.

ಬಾಯಿಗೆ ಬಂದದ್ದು ಅಂದೆ. "ಮದುವೆಯಾಗಿ ಆರು ವರ್ಷ. ಮಡಿಲು ಯಾಕೆ ತುಂಬಲಿಲ್ಲ ಅಂತ ಈಗ ಗೊತ್ತಾಯ್ತು. ಮೈಯಲ್ಲಿರೋದನ್ನೆಲ್ಲ ಊರಿಗೆ ಹಂಚಿದ್ರೆ ಮಗುವಿಗೆ ಏನುಳಿಯುತ್ತೆ?"

ದಾರ ಕಡಿದಳು.

ದೇವರ ಮುಂದೆ ಕರೆದೆ. ನನ್ನ ತಲೆ ಮೇಲೆ ಅವಳ ಕೈ ಇರಿಸಿದೆ. "ಇನ್ನು ಕೊಡಲ್ಲ ಅನ್ನು." ಅಂದಳು. ಮನಸ್ಸಿಗೆ ಸಮಾಧಾನ.

ಜೂನ್ ೪

ಮಗ ಮುಖ ಕೊಟ್ಟು ಮಾತಾಡುತ್ತಿಲ್ಲ. ಬಿಡಲಿ. ಒಳ್ಳೆಯದಕ್ಕೇ ಮಾಡಿದ್ದು.

ಅಕ್ಟೋಬರ್ ೧೯ — ಬೆಳಗ್ಗೆ

ಬ್ಲಡ್ ಬ್ಯಾಂಕಿನಿಂದ ಅವಳಿಗೆ ಫೋನ್. ಸ್ಪೀಕರಿನಲ್ಲಿಟ್ಟು ಹೊಲಿಯುತ್ತಿದ್ದಳು. ಹೆರಿಗೆ ಕೇಸಂತೆ. ಇವಳದು ಸುಲಭಕ್ಕೆ ಸಿಗದ ಗ್ರೂಪು. "ಅಕ್ಕಾ, ಬೇಗ ಬನ್ನಿ."

"ಆಗಲ್ಲಪ್ಪ. ಅತ್ತೆ ತಲೆ ಮುಟ್ಟಿ ಆಣೆ ಮಾಡಿದ್ದೀನಿ."

ನನ್ನ ಕೈಯ ಸೂಜಿ ನಿಂತಿತು.

"ಹೋಗೇ, ನಾನೇ ಹೇಳ್ತಿದ್ದೀನಲ್ಲ!"

"ನಿಮಗೇನಾದ್ರೂ ಆದ್ರೆ? ಆಣೆ ಹುಡುಗಾಟ ಅಲ್ಲ ಅಂತ ನೀವೇ ಅಂದಿದ್ದು."

ಕೊಂಕಲ್ಲ. ಕಣ್ಣಲ್ಲಿ ನೀರಿತ್ತು. ಹೆದರಿದ್ದಳು... ನನಗಾಗಿ.

ಸಂಜೆ

ತಡೆಯಲಾರದೆ ನಾನೇ ಹೋದೆ, ನನ್ನದು ತಗೊಳ್ಳಲಿ ಅಂತ. ನರ್ಸ್ ಬೆರಳು ಚುಚ್ಚಿ ನೋಡಿದಳು. "ಹಿಮೋಗ್ಲೋಬಿನ್ ಕಮ್ಮಿ ಇದೆ ಅಮ್ಮಾ. ನಿಮಗೇ ಯಾರಾದ್ರೂ ಕೊಡಬೇಕು." ಗ್ರೂಪೂ ಬೇರೆ.

ಆ ಹೆಂಗಸು ಹೇಗಿದ್ದಾಳೆ ಅಂದೆ. ಬೇರೆ ಕಡೆಯಿಂದ ರಕ್ತ ತರಿಸುವಷ್ಟರಲ್ಲಿ ತಡವಾಯಿತಂತೆ. "ಮಗು ಉಳೀತು" ಅಂದಳು. ಅಷ್ಟೇ ಅಂದಳು.

ಸೊಸೆಯ ವಿಷಯ ಎತ್ತಿದೆ, ಬಸಿರಿನ ಮಾತನ್ನೂ. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ. ಪರೀಕ್ಷೆ ಮಾಡದೆ ನಾವು ತಗೊಳ್ಳಲ್ಲ. ನಿಮ್ಮ ಸೊಸೆ ಬಂದ್ರೆ ಇಲ್ಲಿ ನಗುವೋ ನಗು, ನಮ್ಮನ್ನೆಲ್ಲ ನಗಿಸ್ತಾರೆ."

ನನ್ನ ಮನೆಯಲ್ಲಿ ಅವಳು ಗಟ್ಟಿಯಾಗಿ ನಕ್ಕದ್ದು ನೆನಪಿಲ್ಲ.

ಅಕ್ಟೋಬರ್ ೨೭

ಇಷ್ಟು ದಿನ ಬರೆಯಲು ಕೈ ಬರಲಿಲ್ಲ. ದೇವರ ಮುಂದೆ ಕೂತರೆ ಆ ಕೂಸಿನ ಅಳು ಕೇಳಿದಂತಾಗುತ್ತದೆ. ನೋಡಿದವಳೇ ಅಲ್ಲ ಅದನ್ನು.

ಇವತ್ತು ಕೇಳಿದೆ. ಯಾಕೆ ಕೊಡ್ತಿದ್ದೆ?

ಮಿಷಿನ್ ನಿಲ್ಲಿಸಲಿಲ್ಲ. "ಪುಣ್ಯಕ್ಕೇನಲ್ಲ ಅತ್ತೆ. ಮೊದಲ ಸಲ ಗೆಳತಿ ಜೊತೆ ಸುಮ್ನೆ ಹೋಗಿದ್ದೆ. ಬಿಸ್ಕತ್ತು ಕೊಡ್ತಾರೆ ಅಂದಿದ್ಲು. ಆಮೇಲೆ... ಅಲ್ಲಿ 'ನಿಮ್ಮದೇ ಬೇಕಿತ್ತು' ಅಂತಾರೆ. ಹಾಗೆ ಯಾರೂ ಅಂದಿರ್ಲಿಲ್ಲ ನಂಗೆ."



ಅಕ್ಟೋಬರ್ ೨೮ — ಬೆಳಗ್ಗೆ

ದೇವರಿಗೆ ಹೇಳಿದೆ — ಆಣೆ ಹಾಕಿಸಿದವಳು ನಾನು. ಮುರಿದರೆ ಏನಾಗುವುದಿದ್ದರೂ ನನಗೇ ಆಗಲಿ. ಆ ತಾಯಿಯ ಸಾವೂ ನನ್ನ ಲೆಕ್ಕಕ್ಕೇ ಇರಲಿ. ಅವಳ ಮೇಲೆ ಬೇಡ.

ಅವಳನ್ನು ಕೂಗಿದ್ದೇನೆ. ಆಣೆ ಬಿಡಿಸುವುದು ಆಮೇಲೆ. ಮೊದಲು ಬೇರೊಂದು ಮಾತು ಹೇಳಬೇಕು. ಅವಳು ಹೊಸಿಲು ದಾಟಿ ಬಂದ ದಿನವೇ ಹೇಳಬೇಕಿತ್ತು.

ಮಿಷಿನ್ ನಿಂತಿತು. ಬರುತ್ತಿದ್ದಾಳೆ. ನಮಗೂ ನೀನೇ ಬೇಕಿತ್ತು —