ಕಾಪು ಸ್ಟೇಷನ್ನಿನ ಸಿಗ್ನಲ್

ಕಾಪು,
೯-೨-೧೯೮೧, ಸೋಮವಾರ

ಪ್ರೀತಿಯ ವಿನೋದಾ,

ನಾನು ಕ್ಷೇಮ. ನಿನ್ನ ಬಲಗಣ್ಣು ಹೇಗುಂಟು? ನೀರಿಳಿಯುವುದು ನಿಂತಿತೇ? ಹೊತ್ತುಹೊತ್ತಿಗೆ ಕಮಲ ಔಷಧದ ಹನಿ ಹಾಕುತ್ತಿದ್ದಾಳೆಂದು ನಿನ್ನ ತಮ್ಮ ಲೀಲಾಧರ ಬರೆದಿದ್ದಾನೆ. ಬಗ್ಗಿ ಏನನ್ನೂ ಎತ್ತಬೇಡ. ಕಾರ್ಕಳಕ್ಕೆ ವಿಶ್ರಾಂತಿಗೆಂದು ಹೋಗಿ, ತಮ್ಮನ ಹೆಂಡತಿ ಕಮಲಳಿಗೆ ಸಹಾಯವಾಗಲಿ ಎಂದು ಕಡೆಯುವ ಕಲ್ಲಿನ ಮುಂದೆ ಕುಳಿತುಬಿಡುವವಳು ನೀನು. ಈ ಕಾಗದವನ್ನು ನಿನಗೆ ಓದಿ ಹೇಳುವವಳು ಕಮಲಳೇ ಎಂಬುದು ನನಗೆ ಗೊತ್ತು. ಆದ್ದರಿಂದ ಕಮಲಾ, ನಿನಗೂ ಆಶೀರ್ವಾದಗಳು. ನಡುವೆ ನಗಬೇಡ, ಸಾಲು ಹಾರಿಸಬೇಡ. ಹತ್ತೊಂಬತ್ತಕ್ಕೆ ಎಡಗಣ್ಣಿನ ಆಪರೇಷನ್ ಎಂದು ಮಣಿಪಾಲದಿಂದ ಚೀಟಿ ಬಂದಿದೆ. ರೈಲ್ವೇ ಸಮಿತಿಯವರು ಬೆಂಗಳೂರಿಗೆ ಹೊರಡುವುದು ಹದಿನೆಂಟಕ್ಕೆ. ಪಟ್ಟಿಯಲ್ಲಿ ಮೊದಲ ಹೆಸರು ನನ್ನದು. ಅದಿರಲಿ, ಮೊದಲು ಮನೆಯ ಸುದ್ದಿ.

ನಮ್ಮ ಜಗಲಿಯನ್ನು ನೀನೀಗ ನೋಡಿದರೆ ಗುರುತಿಸಲಾರೆ. ದನದ ಹಟ್ಟಿಯ ಹಳೆಯ ಎರಡು ಬಾಗಿಲುಗಳನ್ನು ಜೋಡಿಸಿ, ನಾನು ಕಲಿಸುತ್ತಿದ್ದ ಶಾಲೆಯಿಂದ ಹರಾಜಿನಲ್ಲಿ ಬಂದ ಬೆಂಚುಗಳ ಮೇಲಿಟ್ಟು, ಮಂಗಳೂರಿನಿಂದ ಉಡುಪಿಯವರೆಗೆ ರೈಲು ಹಾಕಿದ್ದೇನೆ. ಸರ್ಕಾರಕ್ಕೆ ಮೂವತ್ತು ವರ್ಷಗಳಲ್ಲಿ ಆಗದ ಕೆಲಸ ನನಗೆ ಆರು ವಾರಗಳಲ್ಲಿ ಆಯಿತು. ಮುಂಬಯಿಯಿಂದ ನನ್ನ ತಮ್ಮ ಕಳಿಸಿದ ಕೀಲಿ ಕೊಡುವ ತಗಡಿನ ರೈಲು ಅದು, ಇಂಜಿನ್ನಿಗೆ ಮೂರು ಡಬ್ಬಿ. ಕಣ್ಣು ಮುಚ್ಚಿಕೊಂಡೇ ಕೇಳು. ಪಶ್ಚಿಮಕ್ಕೆ ಸಮುದ್ರ, ಬಟ್ಟೆಗೆ ಹಾಕುವ ನೀಲಿಯನ್ನು ಕಲಸಿ ಬಳಿದದ್ದು, ಒಣಗಿದ ಮೇಲೆ ಮಧ್ಯಾಹ್ನದ ಕಡಲಿನ ಹಾಗೆಯೇ ಕಾಣುತ್ತದೆ. ಮರದ ಹುಡಿಗೆ ಹಸಿರು ಬಣ್ಣ ಬೆರೆಸಿ ಗದ್ದೆಗಳನ್ನು ಮಾಡಿದೆ. ಪೌಡರ್ ಡಬ್ಬಿಯೊಳಗೆ ಟಾರ್ಚಿನ ಬಲ್ಬು ಇಟ್ಟು ನಮ್ಮ ದೀಪಸ್ತಂಭ. ಎಲ್ಲೂರಿನ ಹತ್ತಿರ ನಾಗಬನ ಎದುರಾಯಿತು. ಇಂಜಿನಿಯರು ನಾನೇ ಆದ್ದರಿಂದ ಯಾರನ್ನೂ ಕೇಳದೆ ಹಳಿಯನ್ನು ಬನಕ್ಕೆ ಬಳಸಿ ಒಯ್ದೆ. ಸಂಜೆ ಐದರ ಬಿಸಿಲು ಜಗಲಿಯ ಸರಳುಗಳಿಂದ ಒಳಗೆ ಬಿದ್ದಾಗ ರೈಲು ಉಚ್ಚಿಲವನ್ನು ದಾಟುತ್ತದೆ, ಡಬ್ಬಿಗಳ ನೆರಳು ಗದ್ದೆಯ ಮೇಲೆ ಉದ್ದವಾಗಿ ಓಡುತ್ತದೆ. ನಾನು ಗಲ್ಲವನ್ನು ಹಲಗೆಗೆ ಒತ್ತಿ ನೋಡುತ್ತಾ ಕುಳಿತಿರುತ್ತೇನೆ. ಆ ಎತ್ತರದಿಂದ ನೋಡಿದರೆ ಎಲ್ಲವೂ ನಿಜವೇ.

ನಾನು ಇದನ್ನು ಮಕ್ಕಳಾಟಕ್ಕೆ ಮಾಡಲಿಲ್ಲವೆಂದು ನಿನಗೆ ಗೊತ್ತು. ಐವತ್ತೊಂದರಲ್ಲಿ ಕುಂಬಳೆಯ ರೈಲ್ವೇ ಕ್ವಾರ್ಟರ್ಸಿನಿಂದ ನಿನ್ನನ್ನು ಕರೆದುಕೊಂಡು ಬರುವಾಗ, ಸ್ಟೇಷನ್ ಮಾಸ್ಟರರಾಗಿದ್ದ ನಿನ್ನ ಅಪ್ಪನಿಗೆ ನಾನು ಮಾತು ಕೊಟ್ಟಿದ್ದೆ: ಇನ್ನೆರಡು ವರ್ಷಗಳಲ್ಲಿ ಕಾಪುವಿನಲ್ಲಿಯೂ ನಿಮ್ಮ ಮಗಳಿಗೆ ರೈಲಿನ ಕೂಗು ಕೇಳುತ್ತದೆ ಎಂದು. ಅವರು ನಕ್ಕು, "ಎರಡು ಸಾಲದಿದ್ದರೆ ಮೂರು ಮಾಡಿಕೊಳ್ಳಿ, ಮಾಸ್ಟ್ರೇ" ಎಂದಿದ್ದರು. ಆಮೇಲೆ ಎಷ್ಟು ಸರ್ವೆ, ಎಷ್ಟು ಕೆಂಪು ಬಣ್ಣದ ಕಲ್ಲುಗಳು! ಈ ಕರಾವಳಿಯನ್ನು ಅಳೆದು ಅಳೆದು ನೆಲವೇ ಸವೆದಿರಬೇಕು. ನಂದಿಕೂರಿನ ಗದ್ದೆಯಲ್ಲಿ ನೆಟ್ಟ ಒಂದು ಕಲ್ಲಿನ ಮೇಲೆ ಈಗ ಬಟ್ಟೆ ಒಗೆಯುತ್ತಾರೆ. ಯಾವ ಮನವಿಗೆ ಯಾವ ತಾರೀಕಿನಲ್ಲಿ ಯಾರು ಏನು ಉತ್ತರ ಬರೆದರೆಂದು ನಿದ್ದೆಯಲ್ಲಿ ಕೇಳಿದರೂ ನಾನು ಹೇಳುತ್ತೇನೆ. ನಾನು ಪತ್ರಿಕೆಗಳಿಗೆ ಬರೆದ ಕಾಗದಗಳನ್ನು ಓದಿ ನೀನು, "ನಿಮ್ಮ ರೈಲು ಕಾಗದದ ಮೇಲೆ ಎಷ್ಟು ಚೆಂದ ಓಡುತ್ತದೆ ಮಾರಾಯ್ರೆ" ಎನ್ನುತ್ತಿದ್ದೆ. ಆಗ ನನಗೆ ಸಿಟ್ಟು ಬರುತ್ತಿತ್ತು.

ಈಗ ವೈರಿಂಗಿನ ವಿಷಯ. ರೈಲು ಕೀಲಿಯದಾದರೂ ಉಳಿದದ್ದೆಲ್ಲ ಕರೆಂಟಿನದು. ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವ ಲಿಯೋನೆಲ್ ಹಳೆಯ ಕಾಲಿಂಗ್ ಬೆಲ್ಲುಗಳ ಸುರುಳಿಗಳನ್ನು ಬಿಚ್ಚಿ ತಂದ. ಕರೆಂಟು ಹರಿದರೆ ಸುರುಳಿ ಕಬ್ಬಿಣದ ಕಡ್ಡಿಯನ್ನು ಎಳೆಯುತ್ತದೆ; ಕಡ್ಡಿಯ ತುದಿಗೆ ಕಟ್ಟಿದ ಸಿಗ್ನಲಿನ ಕೈ ಆಡುತ್ತದೆ. ಇನ್ನೊಂದು ಸುರುಳಿ ಗೇಟಿನದು, ಮತ್ತೊಂದು ತಂತಿ ದೀಪಸ್ತಂಭಕ್ಕೆ. ಎಲ್ಲ ತಂತಿಗಳನ್ನೂ ಹಲಗೆಯ ಅಡಿಯಿಂದ ತಂದು, ಕಿಟಕಿಯೊಳಗಿನಿಂದ ಹಾಯಿಸಿ, ನಿನ್ನ ಮಂಚದ ತಲೆದೆಸೆಗೆ ಮುಟ್ಟಿಸಿದ್ದೇನೆ. ಹದಿನೆಂಟು ಅಡಿ. ನೀನು ಮಲಗಿದಲ್ಲಿಂದಲೇ ಕಾಪು ಸ್ಟೇಷನ್ನನ್ನು ನಡೆಸಬಹುದು. ಸ್ವಿಚ್ಚುಗಳು ಕಾಣಿಸದಿದ್ದರೆ ಎಂಬ ಚಿಂತೆ ಬೇಡ: ಸಿಗ್ನಲಿನದಕ್ಕೆ ಹುಣಸೆ ಬೀಜ ಅಂಟಿಸಿದ್ದೇನೆ, ಗೇಟಿನದಕ್ಕೆ ಗುಲಗಂಜಿ, ದೀಪದ್ದಕ್ಕೆ ಅಂಗಿಯ ಗುಂಡಿ. ಬೆರಳೇ ಹೇಳುತ್ತದೆ.

ಆದರೆ ಮೊನ್ನೆ ಶನಿವಾರ ಒಂದು ಅಪಘಾತವಾಯಿತು. ಸಿಗ್ನಲಿನ ಕೈ ಅಡ್ಡ ನಿಂತಾಗ ಹಳಿಗಳ ನಡುವೆ ಒಂದು ಮೊಳೆ ಮೇಲೆದ್ದು ರೈಲನ್ನು ತಡೆಯುವಂತೆ ಲಿಯೋನೆಲ್ ಮಾಡಿದ್ದ. ಕೈ ಕೆಳಗಿಳಿದರೆ ಮೊಳೆಯೂ ಇಳಿಯುತ್ತದೆ, ಗಾಡಿ ಹೋಗುತ್ತದೆ. ಗೇಟು ತೆರೆದಿತ್ತು, ಹಳಿಯ ಮೇಲೆ ಮಣ್ಣಿನ ಎತ್ತಿನಗಾಡಿ ಇತ್ತು, ಸಿಗ್ನಲು ಅಡ್ಡ ಹಿಡಿದು ರೈಲನ್ನು ನಿಲ್ಲಿಸಿತ್ತು. ಅಷ್ಟರಲ್ಲಿ ಊರಿಗೇ ಕರೆಂಟು ಹೋಯಿತು. ಹಿಡಿದ ಕೈ ಸೋತು ಕೆಳಗೆ ಬಿತ್ತು, ಮೊಳೆ ಇಳಿಯಿತು, ಕೀಲಿ ತುಂಬಿದ್ದ ರೈಲು ನೇರ ಹೋಗಿ ಎತ್ತಿನಗಾಡಿಯನ್ನು ಸಮುದ್ರಕ್ಕೆ ಎಸೆಯಿತು. "ನನ್ನ ತಪ್ಪೆಂತದು ಮಾಸ್ಟ್ರೇ? ಕರೆಂಟು ಇಲ್ಲದಿದ್ದರೆ ಕೈ ಬೀಳುತ್ತದೆ. ಭೂಮಿ ಎಳೆಯುವುದನ್ನು ನಾನು ರಿಪೇರಿ ಮಾಡಲಿಕ್ಕಾಗುತ್ತದಾ?" ಎಂದ ಲಿಯೋನೆಲ್. ನನಗೆ ಮಾತ್ರ ಆ ಕತ್ತಲಾದ ಜಗಲಿಯಲ್ಲಿ ನಿನ್ನ ಅಪ್ಪನ ಮಾತು ನೆನಪಾಯಿತು. ಅದನ್ನು ನೀನು ಮದುವೆಯ ಹೊಸತರಲ್ಲಿ ಬಾವಿಕಟ್ಟೆಯ ಹತ್ತಿರ ಹೇಳಿದ್ದೆ: ರೈಲ್ವೆಯಲ್ಲಿ ತಂತಿ ಕಡಿದರೆ ಸಿಗ್ನಲಿನ ಕೈ ತಾನಾಗಿ ಅಡ್ಡ ಬಂದು ನಿಲ್ಲಬೇಕು. ಯಾರೂ ಏನೂ ಹೇಳದಿದ್ದರೆ ಅದಕ್ಕೆ 'ಹೋಗು' ಎಂಬ ಅರ್ಥವಿಲ್ಲ, 'ನಿಲ್ಲು' ಎಂದೇ ಅರ್ಥ. ಮೂವತ್ತು ವರ್ಷ ರೈಲಿಗಾಗಿ ಕೂಗಾಡಿದವನು ರೈಲಿನ ಮೊದಲ ಪಾಠವನ್ನೇ ತಲೆಕೆಳಗಾಗಿ ವೈರಿಂಗ್ ಮಾಡಿದ್ದೆ.

ಆಮೇಲೆ ದೀಪ ಬರುವವರೆಗೆ ನಾನು ರೈಲಿನ ವಿಷಯ ಯೋಚಿಸಲಿಲ್ಲ. ಡಿಸೆಂಬರದಲ್ಲಿ ನಿನ್ನ ಬಲಗಣ್ಣಿನ ಆಪರೇಷನ್ನಿನ ಆ ಬೆಳಿಗ್ಗೆಯನ್ನು ಯೋಚಿಸಿದೆ. ಮಣಿಪಾಲದಲ್ಲಿ ನಿನ್ನ ಮಂಚದ ಬದಿ ನಿಂತು, "ಮಂತ್ರಿಗಳು ಮಂಗಳೂರಿಗೆ ಬರುತ್ತಾರೆ, ಮನವಿ ಕೊಟ್ಟು ಹನ್ನೆರಡರೊಳಗೆ ಬಂದೆ, ಹೋಗಲಾ?" ಎಂದು ಕೇಳಿದೆ. ನೀನು ಏನೂ ಹೇಳಲಿಲ್ಲ. ನಾನು ಹೋದೆ. ಮಂತ್ರಿಗಳು ಮೂರು ಗಂಟೆ ತಡವಾಗಿ ಬಂದರು. ಮನವಿಯನ್ನು ತೆಗೆದುಕೊಂಡವರು ಅದನ್ನು ತಿಂಡಿಯ ತಟ್ಟೆಯ ಅಡಿಯಲ್ಲಿಟ್ಟರು. ನಾನು ಮರಳುವಾಗ ಸಂಜೆಯಾಗಿತ್ತು, ನಿನ್ನ ಎರಡೂ ಕಣ್ಣುಗಳಿಗೆ ಪಟ್ಟಿ ಕಟ್ಟಿದ್ದರು. "ಮಂತ್ರಿಗಳು ಎಂತ ಹೇಳಿದರು?" ಎಂದಷ್ಟೇ ಕೇಳಿದೆ ನೀನು. ಆಮೇಲೆ ಆಸ್ಪತ್ರೆಯಿಂದ ನೀನು ಕಾಪುವಿಗೆ ಬಾರದೆ ಕಾರ್ಕಳಕ್ಕೆ ಹೋದೆ. ಆ ನಿನ್ನ ಪ್ರಶ್ನೆಗೆ ನಾನು ಎಷ್ಟು ದೊಡ್ಡ ಉತ್ತರ ಕೊಟ್ಟೆನೆಂಬುದನ್ನು ನೆನೆದರೆ ನಾಚಿಕೆಯಾಗುತ್ತದೆ. ಸಚಿವಾಲಯದ ಬೇಜವಾಬ್ದಾರಿಯ ಬಗ್ಗೆ ಅರ್ಧ ಗಂಟೆ ಮಾತಾಡಿದ್ದೆ.

ನಿನ್ನೆ ಉಚ್ಚಿಲಕ್ಕೆ ಹೋಗಿ ಮೀನುಗಾರರಿಂದ ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ಬೇಡಿ ತಂದೆ. ಈಗ ಸಿಗ್ನಲಿನ ಹಿಂಬದಿಗೆ ಗುಂಡು ಕಟ್ಟಿದ್ದೇವೆ. ಅದರ ಭಾರಕ್ಕೆ ಕೈ ಸದಾ ಅಡ್ಡವೇ ಇರುತ್ತದೆ, ಕರೆಂಟು ಕೊಟ್ಟರೆ ಮಾತ್ರ ಇಳಿಯುತ್ತದೆ. ರಾತ್ರಿಯವರೆಗೂ ತಂತಿ ಕಿತ್ತು, ಮತ್ತೆ ಸೇರಿಸಿ ನೋಡಿದೆವು. ಪ್ರತಿ ಸಲವೂ ನಿಂತಿತು. ಲಿಯೋನೆಲ್ ಟೋಪಿ ತೆಗೆದು, "ಇದು ಬಾಯಮ್ಮನ ಇಂಜಿನಿಯರಿಂಗು" ಎಂದು ಕಾರ್ಕಳದ ದಿಕ್ಕಿಗೆ ಸಲಾಮು ಹೊಡೆದ.

ಲೀಲಾಧರನಿಗೆ ನನ್ನ ನೆನಪು ಹೇಳು. ತಲೆಗೆ ಎಣ್ಣೆ ಹಾಕಿಸಿಕೋ, ಬಿಸಿಲಿಗೆ ಹೊರಬೀಳಬೇಡ. ಮಲ್ಲಿಗೆ ಗಿಡ ಚಿಗುರಿದೆ. ಗೋಮಟ ಬೆಟ್ಟದ ಗಾಳಿ ನಿನ್ನ ಕಣ್ಣಿಗೆ ತಂಪು ತರಲಿ.

ಇತಿ ನಿನ್ನ,
ಅನಂತಪದ್ಮನಾಭ

ಬರೆಯದೆ ಬಿಟ್ಟದ್ದು: ಟಪಾಲು ತೆಗೆಯುವ ಹೊತ್ತಾಯಿತು. ಕಮಲಾ, ಇದನ್ನು ನಿಧಾನವಾಗಿ ಓದು. ಬೆಂಗಳೂರಿನ ಪಟ್ಟಿಯಿಂದ ನನ್ನ ಹೆಸರನ್ನು ಈ ಬೆಳಿಗ್ಗೆ ತೆಗೆಸಿದೆ. ಹದಿನೆಂಟಕ್ಕೆ, ಬುಧವಾರ ಸಂಜೆಯೇ ಮಣಿಪಾಲಕ್ಕೆ ಬರುತ್ತೇನೆ. ನನ್ನ ಹತ್ತಿರ ಮಾತು ಬೇಡವೆಂದಾದರೆ ಬೇಡ, ವಾರ್ಡಿನ ಹೊರಗಿನ ಬೆಂಚಿನಲ್ಲಿ ಕುಳಿತಿರುತ್ತೇನೆ, ಏಳುವುದಿಲ್ಲ. ಜೆರ್ಟ್ರೂಡ್ ನರ್ಸಮ್ಮ ನನಗೊಂದು ಮಾತು ಹೇಳಿದ್ದರು, ನಿನ್ನೊಡನೆ ಆಡಲು ಬಾಯಿ ಬಂದಿರಲಿಲ್ಲ. ಆ ದಿನ ಪಟ್ಟಿ ಕಟ್ಟಿದ ಮೇಲೆ ಹೊರಗೆ ಯಾರದೇ ಹೆಜ್ಜೆ ಕೇಳಿದರೂ ನೀನು "ಅವರಾ?" ಎಂದು ಕೇಳುತ್ತಿದ್ದೆಯಂತೆ. ಏಳು ಸಲ. ಈ ಸಲ ಒಮ್ಮೆ ಕೇಳು, ಸಾಕು.