ಗೋಲದಲ್ಲಿ ಹೇಳಿದ್ದು

ಜನವರಿ 11, ಶನಿವಾರ

ಡಾನ್ಸ್ ಕ್ಲಾಸಿನ ಹಾಲ್ ಗುಡಿಸುವ ಪಾಳಿ ಇವತ್ತು ನನ್ನದು. ಹಳ್ಳಿ ಬಸ್ಸುಗಳು ಬರುವ ಮೊದಲೇ ಮುಗಿಸಿದೆ. ಕೆಳಗಿನ ಹಾರ್ಡ್‌ವೇರ್ ಅಂಗಡಿಯವರು ಪೈಪ್ ಇಳಿಸುತ್ತಿದ್ದರು — ಆ ಸದ್ದಿನಲ್ಲಿ ತಾಳ ಕೇಳಿಸುವುದಿಲ್ಲ. ಚಪ್ಪಾಳೆ ತಟ್ಟಿ ತಟ್ಟಿ ಅಂಗೈ ಉರಿಯುತ್ತಿದೆ.

ಗೋಡೆಯ ಮೇಲಿನ ಕ್ಲಾಸಿನ ನಿಯಮಗಳ ಬಣ್ಣ ಒಣಗಿದೆ. ಹೋದ ವಾರ ಮಕ್ಕಳೇ ಕೂತು ಜಗಳಾಡಿ ಬರೆದದ್ದು. ತಲೆಬರಹಕ್ಕೆ, ನನ್ನ ಜೊತೆ ಮಕ್ಕಳ ನಾಟಕ ಕಟ್ಟುವ ಸಂಘಣ್ಣ ‘ಕೋರ್ ವ್ಯಾಲ್ಯೂಸ್’ ಅಂದ. ನಾನು ‘ಮೌಲ್ಯಗಳು’ ಅಂದೆ. ಸಂಜುಕುಮಾರ ಎದ್ದು ನಿಂತು, “ಅಕ್ಕಾ, ಅವು ಸಾಲಿ ಗ್ವಾಡಿ ಮ್ಯಾಲ ಇರ್ತಾವ, ಯಾರೂ ಓದಂಗಿಲ್ಲ. ‘ನಮ್ಮ ಮಾತು’ ಅಂತ ಬರೀರಿ” ಅಂದ. ಅದೇ ಉಳಿಯಿತು. ಬಿದ್ದವರನ್ನ ನೋಡಿ ನಗಬಾರದು. ಹಾಲ್ ಎಲ್ಲರೂ ಗುಡಿಸಬೇಕು. ಬ್ಯಾಡ ಅಂದ್ರ ಬ್ಯಾಡ. ಗೋಲದಾಗ ಹೇಳಿದ್ದು ಗೋಲದಾಗೇ.

ಕ್ಲಾಸ್ ಮುಗಿಸಿ ದುಂಡಗೆ ಕೂತೆವು. ಇದೇ ಗೋಲ — ಮನಸ್ಸಾದವರು ಮನಸ್ಸಿನದು ಹೇಳುವುದು. ಇವತ್ತು ಪೂನಂ ಬಾಯಿಬಿಟ್ಟಳು. ದುಬಲಗುಂಡಿಯ ಹುಡುಗಿ, ಒಂಬತ್ತನೇ ಕ್ಲಾಸ್. ಬಂದಾಗಿನಿಂದ ಗೋಲದಲ್ಲಿ ಒಂದು ಮಾತೂ ಆಡಿರಲಿಲ್ಲ.

“ನಮ್ಮವ್ವ ಸಂತಿ ದಿನ ಚಲೋ ಸೀರಿ ಉಟ್ಕೊಂಡು ಹುಮನಾಬಾದಿಗೆ ಬರ್ತಾಳ್ರಿ. ಸಂತಿ ಬರೇ ಹೆಸರಿಗೆ. ಬಸ್ ಸ್ಟ್ಯಾಂಡಿನ್ಯಾಗ ನಿಂದರ್ತಾಳ, ಪುಣೆ ಬಸ್ ಬರೂತನಾ. ಎಲ್ಲರೂ ಇಳದ ಮ್ಯಾಲ ಒಳಗ ಹಣಿಕಿ ಹಾಕಿ ನೋಡ್ತಾಳ. ಆಮ್ಯಾಲ ಉಳ್ಳಾಗಡ್ಡಿ ತಗೊಂಡು ಮನಿಗೆ ಬರ್ತಾಳ.”

ಅಪ್ಪ ದೇವಿಂದ್ರಪ್ಪ ಪುಣೆಗೆ ಬಿಲ್ಡಿಂಗ್ ಕೆಲಸಕ್ಕೆ ಹೋದವನು. ಮೊದಮೊದಲು ಫೋನ್ ಬರುತ್ತಿತ್ತು. ಈಗಿಲ್ಲ. ಅಲ್ಲಿ ಇನ್ನೊಂದು ಸಂಸಾರವಿದೆಯಂತೆ. ಅವ್ವ ಮಾತ್ರ ಊರಲ್ಲಿ, ನಿನ್ನೆ ಫೋನ್ ಮಾಡಿದ್ದ ಅಂತಲೇ ಹೇಳುತ್ತಾಳೆ.

 ನನ್ನ ತಲೆಯಲ್ಲಿ ಆಗಲೇ ಕುಣಿತದ ಹೆಜ್ಜೆಗಳು...

ಜನವರಿ 18, ಶನಿವಾರ

ಬರೀ ಅಭ್ಯಾಸಕ್ಕೆ ಅಂತ ಶುರು ಮಾಡಿದ್ದು. ‘ಕಾಯುವ ಹೆಂಗಸು’ ಅಂದೆ ಅಷ್ಟೇ. ಮಕ್ಕಳು ಬಸ್ಸಾದರು, ಬಸ್ಸಿಳಿಯುವ ಜನರಾದರು. ಸಂಜುಕುಮಾರ ಕಂಡಕ್ಟರ್. ಹೆಂಗಸು — ನೂರೀನ್. ಎಲ್ಲರೂ ಇಳಿದು ಹೋದ ಮೇಲೆ ಒಂದು ಕಾಲ ಬೆರಳ ಮೇಲೆ ನಿಂತು ಖಾಲಿ ಬಸ್ಸಿನೊಳಗೆ ಕತ್ತು ಚಾಚಿದಳು ನೋಡು... ನಾನು ಹೇಳಿಕೊಟ್ಟದ್ದಲ್ಲ. 

ಸಂಘಣ್ಣ ಬಾಗಿಲಲ್ಲಿ ನಿಂತಿದ್ದ. “ವರ್ಷಾ, ನಮ್ಮ ನಾಟಕಕ್ಕ ಕೊನಿ ಸಿಕ್ತು” ಅಂದ.

ಪೂನಂ ಬಸ್ಸಿನ ಗುಂಪಿನಲ್ಲಿದ್ದಳು. ಅವಳ ಮುಖ ನೋಡಲಿಲ್ಲ ನಾನು. ನೂರೀನಳನ್ನೇ ನೋಡುತ್ತಿದ್ದೆ.

ಜನವರಿ 25, ಶನಿವಾರ

ಗಟ್ಟಿಯಾಯಿತು. ಫೆಬ್ರವರಿ ಎಂಟಕ್ಕೆ ಬಸವಕಲ್ಯಾಣದಲ್ಲಿ ಪ್ರಯೋಗ. ಕಲಬುರಗಿಯಿಂದ ಯುವ ನಾಟಕೋತ್ಸವಕ್ಕೆ ಆಯ್ಕೆ ಮಾಡುವವರು ಬರುತ್ತಾರೆ. ಬಸವಕಲ್ಯಾಣ ಸಂಘಣ್ಣನ ಊರು. ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ ಅವನಿಗೆ. ನನಗೂ.

ಕ್ಲಾಸ್ ಮುಗಿದರೂ ಪೂನಂ ಹೋಗದೆ ನಿಂತಳು. ಗೆಜ್ಜೆ ಸುತ್ತುತ್ತಾ, ಬಿಚ್ಚುತ್ತಾ.

“ಅಕ್ಕಾ, ಅದು ಬ್ಯಾಡ್ರಿ.”

“ಯಾವುದು?”

“ಬಸ್ಸಿಂದು.”

ಗೊತ್ತಿದ್ದೇ ಕೇಳಿದ್ದೆ. ಹೆಸರು ಎಲ್ಲಿಯೂ ಇಲ್ಲ ಅಂದೆ. ಪುಣೆ ತೆಗೆದು ಮುಂಬೈ ಮಾಡೋಣ ಅಂದೆ. ಎಷ್ಟು ಮನೆಗಳಲ್ಲಿ ಹೀಗಿದೆ, ಎಷ್ಟು ಹೆಂಗಸರ ಕಥೆ ಇದು, ನೋಡಿದವರಿಗೆ ಧೈರ್ಯ ಬರುತ್ತದೆ ಅಂದೆ. ಬಹಳ ಚೆನ್ನಾಗಿ ಮಾತಾಡಿದೆ. ಕೊನೆಗೆ ಅವಳು “ಆಯ್ತ್ರಿ ಅಕ್ಕಾ” ಅಂದಳು.

ಒಪ್ಪಿದಳು.

ಸಂಜೆಯಿಂದ ರೂಮಿನಲ್ಲಿ ಕೂರಲಾಗುತ್ತಿಲ್ಲ. ಅನ್ನಕ್ಕಿಟ್ಟು ಮರೆತೆ, ತಳ ಹತ್ತಿತು. ಹೊರಗೆ ಹೋಗಿ ಚಹಾ ಕುಡಿದು ಬಂದೆ. ಮತ್ತೆ ಹೋದೆ. ಒಪ್ಪಿದಳಲ್ಲ — ಇನ್ನೇನು?

ಫೆಬ್ರವರಿ 1, ಶನಿವಾರ

 ಇದ್ದದ್ದು ಇದ್ದಂತೆ ಬರೆದುಬಿಡುತ್ತೇನೆ.

ರಿಹರ್ಸಲ್ ತಡವಾಗಿತ್ತು. ಕೊನೆಯ ದೃಶ್ಯ ನಡೆಯುತ್ತಿತ್ತು. ಮೆಟ್ಟಿಲು ಹತ್ತಿ ಒಬ್ಬರು ಬಂದು ಬಾಗಿಲಲ್ಲಿ ನಿಂತರು. ಪೂನಂಳ ಅವ್ವ, ಕಾಂತಾಬಾಯಿ. ಮಗಳನ್ನು ಕರೆದುಕೊಂಡು ಹೋಗಲು ಬಂದಿದ್ದರು. ಇಸ್ತ್ರಿ ಮಾಡಿದ ಹಸಿರು ಸೀರೆ. ಕೈಯಲ್ಲಿ ಉಳ್ಳಾಗಡ್ಡಿ ಚೀಲ. ಎಲ್ಲಿಂದ ಬಂದಿದ್ದಾರೆ ಅಂತ ಹಾಲಿನಲ್ಲಿದ್ದ ಪ್ರತಿ ಮಗುವಿಗೂ ಗೊತ್ತಿತ್ತು.

ಸಂಜುಕುಮಾರನ ದನಿ ಬಿದ್ದುಹೋಯಿತು. ನೂರೀನ್ ಬೆನ್ನು ಹಾಕಿದ್ದಳು, ನೋಡಲಿಲ್ಲ. ಅವಳ ಪಾಡಿಗೆ ಬೆರಳ ಮೇಲೆ ನಿಂತಳು, ಕತ್ತು ಚಾಚಿದಳು, ಸೆರಗು ಸರಿ ಮಾಡಿಕೊಂಡಳು. ಹಾಡು ನಿಲ್ಲಿಸುವ ಬಟನ್ ನನ್ನ ಕೈಯ ಹತ್ತಿರವೇ ಇತ್ತು. ಒತ್ತಲಿಲ್ಲ. ಯಾಕೆ ಒತ್ತಲಿಲ್ಲ?

ಕಾಂತಾಬಾಯಿ ಪೂರ್ತಿ ನೋಡಿದರು. ಮುಗಿದ ಮೇಲೆ ಮಗಳ ಕಡೆ ತಿರುಗಿ, “ನಡಿ ಪೂನಂ, ಬಸ್ ಹೋಗ್ತದ” ಅಂದರು. ಅಷ್ಟೇ. ಪೂನಂ ಗೆಜ್ಜೆ ಬಿಚ್ಚದೆ ಇಳಿದು ಹೋದಳು. ಮೆಟ್ಟಿಲ ಮೇಲೆ ಸದ್ದು ಕೇಳುತ್ತಲೇ ಇತ್ತು.

ಫೆಬ್ರವರಿ 2, ಭಾನುವಾರ

ಬೆಳಿಗ್ಗೆಯಿಂದ ಸಂಘಣ್ಣನ ಜೊತೆ ಫೋನಿನಲ್ಲಿ ಜಗಳ.

“ಕಥಿ ಆಕಿದು, ಒಪ್ತೀನಿ. ಕುಣಿತ ನೂರೀನಂದು. ಬಸ್ಸು ಉಳಿದ ಹುಡುಗರದು. ಈಗ ಅದು ಒಬ್ಬಾಕಿ ಆಸ್ತಿ ಅಲ್ಲ ವರ್ಷಾ.”

“ಆಕಿ ಬ್ಯಾಡ ಅಂದಿದ್ಲು, ಸಂಘಣ್ಣ.”

“ಯಾವಾಗ?”

ಹೇಳಿದೆ.  “ನನಗ ಯಾಕ ಹೇಳ್ಲಿಲ್ಲ?” ಅಂದ.

ಫೋನ್ ಇಟ್ಟೆ.

ಫೆಬ್ರವರಿ 4, ಮಂಗಳವಾರ, ಮಧ್ಯಾಹ್ನ

ದುಬಲಗುಂಡಿಗೆ ಹೋಗಿ ಬಂದೆ. ಪೂನಂ ಶಾಲೆಗೆ ಹೋಗಿದ್ದಳು. ಕಾಂತಾಬಾಯಿ ಊರಾಚೆ ಯಾರದೋ ಹೊಲದಲ್ಲಿ ಕಡಲೆ ಕೀಳುವ ಕೆಲಸದಲ್ಲಿದ್ದರು. ನನ್ನನ್ನು ನೋಡಿ ಬದುವಿಗೆ ಬಂದರು. ಕೂರಲಿಲ್ಲ. ನಾನೂ ನಿಂತೇ ಇದ್ದೆ. 

“ಪೂನಂಗ ಬೈಬ್ಯಾಡ್ರಿ ಅಕ್ಕಾ. ತಪ್ಪು ನಂದು.”

“ಬೈದಿಲ್ರಿ. ಹುಡುಗಿ ಯಾರ ಮುಂದರೆ ಹೇಳ್ಕೋಬೇಕಲ್ಲ. ನನ್ನ ಮುಂದ ಹೇಳಾಕ ಬರ್ತದೇನು?” ಕೈಗೆ ಮೆತ್ತಿದ ಕಡಲೆ ಗಿಡದ ಹುಳಿ ಅಂಟನ್ನು ಸೆರಗಿಗೆ ಒರೆಸಿಕೊಂಡರು. “ಬಸ್ಸಿನ್ಯಾಗ ಹಣಿಕಿ ಹಾಕಿದ ಆ ಹುಡುಗಿ ಚಲೋ ಕುಣಿತಾಳ. ಖರೇನೇ ಚಲೋ. ಅದಕ್ಕೇ ನನಗ ಅಂಜಿಕಿ ಬಂತು.”

ಬದುವಿನ ಮೇಲೆ ಬಿದ್ದ ಕಡಲೆ ಗಿಡ ಎತ್ತಿ ಮಣ್ಣು ಕೊಡವಿದರು.

“ಅಂವ ಬರಂಗಿಲ್ಲಂತ ಊರಾಗ ಎಲ್ಲಾರಿಗೂ ಗೊತ್ತದ ಮೇಡಂ. ನನಗೂ ಗೊತ್ತದ. ಆದ್ರ ಇವತ್ತಿನತನಾ ಒಬ್ಬರೂ ನನ್ನ ಮುಂದ ಅಂದಿಲ್ಲ. ಫೋನ್ ಬಂದಿತ್ತೇನು ಅಂತ ಕೇಳ್ತಾರ, ಬಂದಿತ್ತು ಅಂತೀನಿ, ಹೂಂ ಅಂತಾರ. ಅಷ್ಟು ಮರ್ಯಾದಿ ಇಟ್ಟಾರ. ನೀವು ಲೈಟ್ ಹಾಕಿ ತೋರಿಸಿದ್ರ, ಮರುದಿನ ನಾ ಬಸ್ ಸ್ಟ್ಯಾಂಡಿಗೆ ಹ್ಯಾಂಗ ಹೋಗ್ಲಿ?”

ಅವರು ಇನ್ನೂ ಹೋಗಬೇಕೆಂದಿದ್ದಾರೆ! ಆ ಯೋಚನೆ ನನಗೆ ಬಂದೇ ಇರಲಿಲ್ಲ.

“ತೆಗೀತೀನ್ರಿ ಅಕ್ಕಾ. ಆ ಸೀನ್ ಇರಂಗಿಲ್ಲ.”

“ನಿಮಗ ತ್ರಾಸ ಆಗ್ತದೇನು?”

“ಆಗ್ತದ್ರಿ.”

“ಆಗ್ಲಿ ಬಿಡ್ರಿ” ಅಂದು ಕಡಲೆ ಸಾಲಿಗೆ ಹೋಗಿ ಬಗ್ಗಿದರು.

ಫೆಬ್ರವರಿ 5, ಬುಧವಾರ

ಮಕ್ಕಳಿಗೆ ಹೇಳಿದೆ. ನೂರೀನ್ ಕೇಳಿದ್ದು ಒಂದೇ: “ನಂದೇನು ಗಲತಿ ಅಕ್ಕಾ?”

ನಿನ್ನದಲ್ಲ ಅಂದೆ.

“ನಮ್ಮ ಅಮ್ಮೀ ಈ ಸಲ ನೋಡಾಕ ಬರ್ತೀನಿ ಅಂದಾರ. ಈಗ ನಾ ಗುಂಪಿನ್ಯಾಗ ನಿಂದರಬೇಕಾ?”

ದುಪಟ್ಟಾ ಎಳೆದುಕೊಂಡು ಕಿಟಕಿ ಹತ್ತಿರ ಹೋಗಿ ನಿಂತಳು. ತಪ್ಪು ನಾನು ಮಾಡಿದ್ದು, ಬೆಲೆ ತೆತ್ತದ್ದು ಇವಳು. ಹತ್ತಿರ ಹೋಗಿ ಹೆಗಲ ಮೇಲೆ ಕೈ ಇಡಲು ಹೋದೆ. “ಬ್ಯಾಡ್ರಿ” ಅಂದಳು. ಕೈ ಹಿಂದಕ್ಕೆ ತೆಗೆದೆ.

ಫೆಬ್ರವರಿ 8, ಶನಿವಾರ, ಬಸವಕಲ್ಯಾಣ

ಆಯಿತು. ನಾಟಕ ಮೊಂಡಾಗಿ ಮುಗಿಯಿತು. ಮುಗಿಯಿತೋ ಇಲ್ಲವೋ ತಿಳಿಯದೆ ಜನ ಸ್ವಲ್ಪ ಹೊತ್ತು ಹಾಗೇ ಕೂತಿದ್ದರು. ಯಾರೋ ಒಬ್ಬರು ಶುರು ಮಾಡಿದ ಮೇಲೆ ಚಪ್ಪಾಳೆ. ಕಲಬುರಗಿಯವರು “ಹುಡುಗರಲ್ಲಿ ಶಕ್ತಿ ಇದೆ, ಮುಂದಿನ ವರ್ಷ ನೋಡೋಣ” ಅಂದು ಕಾರು ಹತ್ತಿದರು. ನೂರೀನಳ ತಾಯಿ ಬಂದಿದ್ದರು. ಗುಂಪಿನಲ್ಲಿ ಮಗಳನ್ನು ಹುಡುಕುತ್ತಿದ್ದುದು ನನಗೆ ಕಾಣಿಸಿತು.

ಸಾಮಾನು ಟೆಂಪೋಗೆ ತುಂಬುವಾಗ ಸಂಘಣ್ಣ ಬಂದ.

“ನಮ್ಮವ್ವ ಮೊದಲ್ನೇ ಸಲ ನನ್ನ ನಾಟಕ ನೋಡಿದ್ಲು. ಏನ್ ಕೇಳಿದ್ಲು ಗೊತ್ತದೇನು? ‘ಪೂರಾ ಆಯ್ತೇನೋ?’ ಅಂತ.”

ನಗು ಬರಬೇಕಿತ್ತು. ಬರಲಿಲ್ಲ.

“ಸಿಟ್ಟದ ಏನು?”

“ಅದ. ಇರ್ತದ ಸ್ವಲ್ಪ ದಿನ” ಅಂದು ಡೋಲಕ್ ಎತ್ತಿಕೊಟ್ಟ. “ಹಿಡಿ, ಕೆಡವಬ್ಯಾಡ.”

ಫೆಬ್ರವರಿ 15, ಶನಿವಾರ

ಪೂನಂ ಇವತ್ತೂ ಬರಲಿಲ್ಲ. ದುಬಲಗುಂಡಿ ಬಸ್ಸು ಬರುವ ಹೊತ್ತಿಗೆ ಕಿಟಕಿಗೆ ಹೋಗಿ ಹೋಗಿ ನೋಡಿದೆ. ಫೋನ್ ಮಾಡಲೇ? ಬೇಡ. ಮತ್ತೆ ಒತ್ತಾಯ ಆಗುತ್ತದೆ. ಫೋನ್ ಎತ್ತಿದೆ, ಇಟ್ಟೆ. ನೂರೀನ್ ಬಂದಿದ್ದಳು. ಹೇಳಿದ ಹೆಜ್ಜೆ ಹಾಕಿದಳು, ಹೋದಳು. ಗೋಲದಲ್ಲಿ ಯಾರೂ ಏನೂ ಹೇಳಲಿಲ್ಲ. ಒಬ್ಬರೂ.

ಫೆಬ್ರವರಿ 22, ಶನಿವಾರ

ಬಂದಳು!

ನನ್ನ ಕಡೆ ನೋಡಲಿಲ್ಲ. ನೇರ ಹೋಗಿ ಪೊರಕೆ ಹಿಡಿದಳು. ನೂರೀನ್, “ಇವತ್ತ ನನ್ನ ಪಾಳಿ ಅದ” ಅಂದಳು. ಪೂನಂ ಅಲುಗಲಿಲ್ಲ. ಇಬ್ಬರೂ ಆ ಪೊರಕೆ ಹಿಡಿದುಕೊಂಡು ನಿಂತರು. ಆಮೇಲೆ ನೂರೀನ್ ಬಿಟ್ಟು, ಮೂಲೆಯಿಂದ ಇನ್ನೊಂದು ತಂದಳು. ಆ ಗೋಡೆಯಿಂದ ಒಬ್ಬಳು, ಈ ಗೋಡೆಯಿಂದ ಒಬ್ಬಳು. ನಡುವೆ ಎದುರಾದಾಗ ಕಸ ಯಾರ ಕಡೆಗೆ ತಳ್ಳುವುದೆಂದು ತಿಳಿಯದೆ ಇಬ್ಬರಿಗೂ ನಗು ಬಂತು.

ಗೋಲದಲ್ಲಿ ಮೊದಲು ನಾನು ಮಾತಾಡಿದೆ. “ಪೂನಂ ಬ್ಯಾಡ ಅಂದಿದ್ಲು. ನಾ ಕೇಳ್ಲಿಲ್ಲ. ಹೂಂ ಅನ್ನೂತನಾ ಬಿಡ್ಲಿಲ್ಲ.” ಪೂನಂ ನೆಲದ ಮೇಲೆ ಬೆರಳಾಡಿಸುತ್ತಿದ್ದಳು. ಪರವಾಗಿಲ್ಲ ಅಂತ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಇನ್ನೇನು ಏಳಬೇಕು. ಆಗ ಅವಳ ದನಿ — “ಅಕ್ಕಾ, ಒಂದು ಹೇಳ್ಲೇನ್ರಿ?”

ಹೇಳಿದಳು. ನಡುವೆ ತಾನೇ ನಕ್ಕಳು. ನೂರೀನ್ ಮೊಣಕಾಲಿನ ಮೇಲೆ ಗಲ್ಲವಿಟ್ಟು ಕೇಳುತ್ತಿದ್ದಳು. ಈ ಸಲ ನನ್ನ ಕಾಲು ಹೆಜ್ಜೆ ಹುಡುಕದೆ ಸುಮ್ಮನಿತ್ತು. ಹೋದ ಸಂತೆಯ ದಿನ ಅವರವ್ವ ಬಸ್ ಸ್ಟ್ಯಾಂಡಿನಲ್ಲಿ —

ಬೇಡ. ಇಲ್ಲಿಯೂ ಬೇಡ.