ಡೌವೆ ಹೋರಿ ಲಾರಿ ಹತ್ತಿತು

ಯೋರ್ವರ್ಟ್, ಫ್ರೀಸ್‌ಲ್ಯಾಂಡ್
ಮಾರ್ಚ್ 9

ಮುದ್ದಿನ ನಿಂಕೆ,

ನೀನೂ ಅಳಿಯ ಹಿಡ್ಡೆಯೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಕ್ರಿಸ್‌ಮಸ್‌ಗೆ ನೀನು ಬರೆದದ್ದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ ಮಗಳೇ. ಹಸುಗಳು ಕರು ಹಾಕುವ ಕಾಲ, ನನ್ನ ಸೊಂಟ ಬಿದ್ದುಹೋಗಿದೆ. ಕೂತರೆ ಏಳಲಾಗದು, ಎದ್ದರೆ ಕೂರಲು ಬಿಡುವಿಲ್ಲ.

ಡೌವೆ ಹೋರಿ ಹೋಯಿತು. ನಿಮ್ಮಪ್ಪ ತಮ್ಮ ತಂದೆಯ ಹೆಸರಿಟ್ಟು, ಬಂದವರಿಗೆಲ್ಲ ಮೈ ತಟ್ಟಿ ತೋರಿಸುತ್ತಿದ್ದರಲ್ಲ, ಅದೇ. ವೀರ್ಯ ಕೇಂದ್ರದವರು ಕೊಳ್ಳುವುದು ಖಂಡಿತ ಎಂದು ಅಕ್ಕಪಕ್ಕದವರಿಗೆ ಸಕ್ಕರೆ ಬ್ರೆಡ್ ಹಂಚಿದ್ದೂ ಆಗಿತ್ತು. ಆಮೇಲೆ ಕೇಂದ್ರದ ವಿಬ್ರೆನ್ ಬಂದ. ಪರೀಕ್ಷೆಗೆ ಕಳಿಸಿದ ಕಿವಿಯ ಚೂರಿನಲ್ಲಿ ವಂಶದ ಕಾಯಿಲೆ ಸಿಕ್ಕಿದೆಯಂತೆ.

"ಎಲ್ಲಿದೆಯಯ್ಯಾ ಕಾಯಿಲೆ? ಗುಂಡುಕಲ್ಲಿನ ಹಾಗಿದೆ, ಕಣ್ಣು ಕಾಣಲ್ವಾ ನಿಂಗೆ?" ಎಂದು ನಿಮ್ಮಪ್ಪ ರೇಗಿದರು.

"ಇದಕ್ಕೇನೂ ಆಗಲ್ಲ ಯಜಮಾನ್ರೇ, ಸುಮ್ನೆ ಹೊತ್ಕೊಂಡಿರುತ್ತೆ. ಹಸುವಿನಲ್ಲೂ ಅದೇ ಇದ್ರೆ ಕರು ಉಳಿಯಲ್ಲ. ಎರಡೂ ಕಡೆಯಿಂದ ಬರ್ಬೇಕು."

"ಹಂಗಾದ್ರೆ ಅದರಪ್ಪನದೇ. ನಮ್ಮ ಹಸುಗಳಲ್ಲಿ ಇಂಥದ್ದಿಲ್ಲ."

"ಅಪ್ಪನ್ನ ಪರೀಕ್ಷೆ ಮಾಡಿದೀವಿ, ಅದರಲ್ಲಿಲ್ಲ. ಇದು ತಾಯಿ ಕಡೇದು, ನಿಮ್ಮ ಕೊಟ್ಟಿಗೇದೇ."

ನಾನು ದಿಕ್ಕು ತೋಚದೆ ವಿಬ್ರೆನ್‌ಗೆ ಕಾಫಿ ಜೊತೆ ಎರಡನೇ ಬಿಸ್ಕತ್ತು ಕೊಟ್ಟುಬಿಟ್ಟೆ! ಒಬ್ಬರಿಗೆ ಒಂದೇ ಬಿಸ್ಕತ್ತು ಎನ್ನುತ್ತಿದ್ದ ನಮ್ಮತ್ತೆ ಬದುಕಿದ್ದಿದ್ದರೆ ಡಬ್ಬಿಯನ್ನೇ ಕಿತ್ತುಕೊಳ್ಳುತ್ತಿದ್ದರು.

ತಳಿಗೆ ಬೇಡವಾದ ಹೋರಿಯನ್ನು ಇನ್ಯಾರು ಕೊಳ್ಳುತ್ತಾರೆ, ಕಳೆದ ತಿಂಗಳು ಕಸಾಯಿಖಾನೆಯ ಲಾರಿ ಬಂತು. ನಿಮ್ಮಪ್ಪನೇ ಹಗ್ಗ ಹಿಡಿದು ಹತ್ತಿಸಿದರು. ಕೈಯಲ್ಲಿದ್ದ ಬ್ರೆಡ್ಡಿನ ತುಂಡು ತಿಂದು ಅದು ಇನ್ನೂ ಬೇಕೆಂದು ಅವರ ಅಂಗೈ ನೆಕ್ಕುತ್ತಿತ್ತು. ನನಗೆ ನೋಡಲಾಗಲಿಲ್ಲ, ಒಳಗೆ ಬಂದುಬಿಟ್ಟೆ. ಸಾಕಾಗಿದೆ ನಿಂಕೆ, ಎಲ್ಲ ಸಾಕಾಗಿದೆ.

ಚರ್ಚಿನ ಹಿಂದೆ ನಿನ್ನ ಕೂಸು ಆಫ್ಕೆಯ ಸಮಾಧಿಯ ಸುತ್ತ ಹೂ ಬಿಟ್ಟಿದೆ. ನೀವು ಬರದಿದ್ದರೂ ನಾನು ಹೋಗುತ್ತಿರುತ್ತೇನೆ. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ

ಮರೆತ ಮಾತಲ್ಲ, ಬರೆಯಲು ಕೈ ಬರಲಿಲ್ಲ: ಕೂಸನ್ನು ಮಣ್ಣು ಮಾಡಿದ ದಿನ ನಿಮ್ಮಪ್ಪ ಎಲ್ಲರೆದುರು, "ನಮ್ಮ ರಕ್ತದಲ್ಲಿ ಇಂಥದ್ದಿಲ್ಲ, ಇದು ಹಿಡ್ಡೆ ಮನೆಯಿಂದ ಬಂದದ್ದು" ಅಂದರಲ್ಲ. ಕೂಸಿನ ಜೀವ ತೆಗೆದ ಕಾಯಿಲೆ ನಿಮ್ಮಿಬ್ಬರ ರಕ್ತದಲ್ಲೂ ಇದೆ ಎಂದು ಡಾಕ್ಟರು ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅಂದಿನಿಂದ ನೀವು ಈ ಹೊಸ್ತಿಲು ತುಳಿದಿಲ್ಲ. ಲಾರಿ ಹೋದ ಮರುದಿನ, ಯಾರೂ ಹೇಳದೆ, ಅವರೇ ಆಸ್ಪತ್ರೆಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದರು. ವರದಿ ಬಂದಿದೆ, ನಿನಗೆ ಅದು ಬಂದದ್ದು ಅವರಿಂದಲೇ. ನಿನ್ನೆ ಡೌವೆಯ ಖಾಲಿ ಜಾಗದಲ್ಲಿ ನಿಂತು, "ಹಿಡ್ಡೆಗೆ ನಾನೇ ಹೋಗಿ ಹೇಳ್ಬೇಕು ಕಣೇ. ಬಾಗಿಲು ತೆಗೀತಾನಾ, ಕೇಳು" ಅಂದರು.

ಅದಕ್ಕೇ ಕೇಳುತ್ತಿದ್ದೇನೆ. ತೆಗೀತಾನಾ?